ಹಿಂದಕ್ಕೆ ನಡೆದ ದೆವ್ವ

ದೆವ್ವಕ್ಕೆ ಪಾದ ಹಿಂದುಮುಂದಾಗಿರುತ್ತದೆ ಎಂಬುದು ಕನ್ನಡ ನಾಡಿನ ಅಜ್ಜಿಯರು ಮೊಮ್ಮಕ್ಕಳಿಗೆ ಹೇಳಿಕೊಂಡು ಬಂದ ಮಾತು. ಜಪಾನಿನ ಅಜ್ಜಿಯರನ್ನು ಕೇಳಿದರೆ ಅಲ್ಲಿನ ದೆವ್ವಕ್ಕೆ ಪಾದವೇ ಇಲ್ಲ! ಹದಿನೆಂಟನೆಯ ಶತಮಾನದ ಚಿತ್ರಕಾರ ಮರುಯಾಮ ಓಕ್ಯೊನದೆಂದು ಹೆಸರಾದ ಪ್ರೇತಚಿತ್ರವೊಂದಿದೆ. ಅದರಲ್ಲಿ ಬಿಳಿ ಉಡುಪು ತೊಟ್ಟು ಕೂದಲು ಕೆದರಿದ ಹೆಂಗಸೊಬ್ಬಳು ಸೊಂಟದಿಂದ ಕೆಳಗೆ ಹೊಗೆಯಂತೆ ಕರಗಿಹೋಗುತ್ತಾಳೆ. ಬಿಳಿ ಏಕೆಂದರೆ ಅಲ್ಲಿ ಶವಕ್ಕೆ ಉಡಿಸುವುದು ಬಿಳಿಯ ಬಟ್ಟೆ. ಇಲ್ಲಿನ ಮೋಹಿನಿಗೂ ಬಿಳಿ ಸೀರೆಯೇ. ದೆವ್ವಗಳ ಉಡುಪಿನ ಬಗ್ಗೆ ದೇಶದೇಶಗಳ ನಡುವೆ ಅಷ್ಟೇನೂ ಭಿನ್ನಾಭಿಪ್ರಾಯವಿದ್ದಂತೆ ಕಾಣುವುದಿಲ್ಲ.

ಈ ಎರಡೂ ನಾಡಿನ ಅಜ್ಜಿಯರ ಮಾತನ್ನು ಒಂದು ಮಾಡಿದಂತೆ, ಬಿಳಿ ಉಡುಪಿನ ದೆವ್ವವೊಂದನ್ನು ನಿಜವಾಗಿಯೂ ಹಿಂದುಮುಂದಾಗಿ ನಡೆಸಿದ್ದು ಜಪಾನಿನ ಒಂದು ಅಗ್ಗದ ಚಲನಚಿತ್ರ. ಅದರ ಹೆಸರು 'ರಿಂಗು'. ತೆರೆಕಂಡದ್ದು 1998ರ ಜನವರಿ 31ರಂದು. ಕೋಜಿ ಸುಜುಕಿ ಎಂಬ ಲೇಖಕ 1991ರಲ್ಲಿ ಪ್ರಕಟಿಸಿದ ಕಾದಂಬರಿ ಇದಕ್ಕೆ ಆಧಾರ. ನಿರ್ದೇಶಕ ಹಿದೆಯೊ ನಕಾತ. ಖರ್ಚಾದದ್ದು ಸುಮಾರು 12 ಲಕ್ಷ ಡಾಲರ್ ಎನ್ನುತ್ತಾರೆ. ಇದೇ ಕಥೆಯನ್ನು 2002ರಲ್ಲಿ ಹಾಲಿವುಡ್ಡಿನವರು ಹೆಚ್ಚುಕಡಿಮೆ ನಲವತ್ತು ಪಟ್ಟು ಹಣ ಸುರಿದು ಮತ್ತೆ ತೆಗೆದರು. ಹಣವನ್ನೇನೋ ಅದು ಬಾಚಿಕೊಂಡಿತು. ಆದರೆ ಹೆದರಿಸುವ ವಿಷಯದಲ್ಲಿ ಬಡವನ ಮನೆಯ ಮೂಲದ್ದೇ ಮೇಲು ಎನ್ನುವ ಪ್ರೇಕ್ಷಕರು ಇಂದಿಗೂ ಬಹಳ ಮಂದಿ.

ಜಪಾನಿನ ಸಿನಿಮಾಕ್ಕೂ ಇಲ್ಲಿನ ಮಕ್ಕಳಿಗೂ ಏನು ಸಂಬಂಧ ಎಂದು ಪೋಷಕರು ಕೇಳಬಹುದು. ಜಪಾನ್ ಈ ಸೀಮೆಗೆ ಹೊಸದಲ್ಲ. ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು 1898ರಲ್ಲೇ ಜಪಾನನ್ನು ನೋಡಿ ಬಂದಿದ್ದರು. ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರಿಗಂತೂ ಜಪಾನ್ ಎಂದೊಡನೆ ನೆನಪಾಗುವುದು ಬೈವೋಲ್ಟಿನ್ ಗೂಡು. 1990ರ ದಶಕದಲ್ಲಿ ಜಪಾನಿನ ತಾಂತ್ರಿಕ ನೆರವಿನಿಂದಲೇ ಆ ತಳಿಗಳು ಕರ್ನಾಟಕದಲ್ಲಿ ನೆಲೆಯೂರಿದ್ದು. ವಿಶ್ವೇಶ್ವರಯ್ಯನವರ ಪ್ರವಾಸಕ್ಕೆ ಸರಿಯಾಗಿ ನೂರು ವರ್ಷ ತುಂಬಿದಾಗ ಅದೇ ದೇಶದಿಂದ ಈ ದೆವ್ವ ಹೊರಟಿತು. ಈಗ ಗೌರಿಬಿದನೂರಿನಲ್ಲಾಗಲಿ ಚಿಂತಾಮಣಿಯಲ್ಲಾಗಲಿ ಎಂಟನೆಯ ತರಗತಿಯ ಮಗುವಿನ ಕೈಯಲ್ಲಿ ತಂದೆಯ ಮೊಬೈಲು ಇದ್ದರೆ ಸಾಕು, ಆ ದೆವ್ವ ಕಂಬಳಿಯೊಳಗೇ ಬಂದು ನಿಲ್ಲುತ್ತದೆ. ಮರುದಿನ ಮಗು ರಾತ್ರಿ ಒಂಟಿಯಾಗಿ ಬಚ್ಚಲಿಗೆ ಹೋಗಲು ಹಿಂಜರಿಯುತ್ತದೆ. ತಾಯಿ ದೃಷ್ಟಿ ತೆಗೆಯುತ್ತಾಳೆ, ತಂದೆ ಗದರುತ್ತಾನೆ. ಎರಡರಿಂದಲೂ ಭಯ ಹೋಗುವುದಿಲ್ಲ. ರೇಷ್ಮೆಗೂಡಿನ ನೂಲು ತೆಗೆಯುವವರು ಗೂಡನ್ನು ಜಜ್ಜುವುದಿಲ್ಲ. ಬಿಸಿನೀರಿನಲ್ಲಿಟ್ಟು ಎಳೆಯ ತುದಿಯನ್ನು ಹುಡುಕುತ್ತಾರೆ. ಭಯದ ವಿಷಯದಲ್ಲೂ ಅದೇ ದಾರಿ ಒಳ್ಳೆಯದು.

ಏಳು ದಿನದ ಗಡುವು

ಕಥೆ ಸರಳ. ಒಂದು ವಿಡಿಯೊ ಕ್ಯಾಸೆಟ್. ಅದರಲ್ಲಿ ಅರ್ಥವಾಗದ ಕೆಲವು ದೃಶ್ಯಗಳು. ನೋಡಿ ಮುಗಿಸಿದೊಡನೆ ಮನೆಯ ದೂರವಾಣಿ ಬಡಿದುಕೊಳ್ಳುತ್ತದೆ. ನೋಡಿದವರಿಗೆ ಏಳೇ ದಿನ ಆಯಸ್ಸು. ಪತ್ರಕರ್ತೆಯೊಬ್ಬಳು ಇದರ ಬೆನ್ನುಹತ್ತುತ್ತಾಳೆ, ತಾನೂ ನೋಡುತ್ತಾಳೆ, ಕೊನೆಗೆ ಅವಳ ಪುಟ್ಟ ಮಗನೂ ನೋಡಿಬಿಡುತ್ತಾನೆ. ಕ್ಯಾಸೆಟ್ಟಿನ ಮೂಲ ಸದಾಕೊ ಎಂಬ ಹುಡುಗಿ. ಅವಳನ್ನು ಬಾವಿಗೆ ತಳ್ಳಿ ಕಲ್ಲು ಮುಚ್ಚಿ ಕೊಂದಿರುತ್ತಾರೆ.

ಬಾವಿಯ ಹೆಣ್ಣುದೆವ್ವ ಜಪಾನಿನಲ್ಲಿ ಹಳೆಯ ಕಥೆ. ಓಕಿಕು ಎಂಬ ಸೇವಕಿಯ ಮೇಲೆ ಹತ್ತು ತಟ್ಟೆಗಳಲ್ಲಿ ಒಂದನ್ನು ಕಳೆದಳೆಂಬ ಆರೋಪ ಬರುತ್ತದೆ. ಅವಳ ಹೆಣ ಬಾವಿಗೆ ಬೀಳುತ್ತದೆ. ಆಮೇಲೆ ಪ್ರತಿ ರಾತ್ರಿ ಬಾವಿಯಿಂದ ಒಂದು, ಎರಡು ಎಂದು ತಟ್ಟೆ ಎಣಿಸುವ ದನಿ ಕೇಳುತ್ತದಂತೆ, ಒಂಬತ್ತಕ್ಕೆ ನಿಂತುಬಿಡುತ್ತದಂತೆ. ಹಿಮೆಜಿ ಕೋಟೆಯಲ್ಲಿ ಆಕೆಯದೆಂದು ಹೇಳುವ ಬಾವಿಯನ್ನು ಪ್ರವಾಸಿಗರು ಈಗಲೂ ಬಗ್ಗಿ ನೋಡುತ್ತಾರೆ. ಚಿಕ್ಕಬಳ್ಳಾಪುರ ಜಿಲ್ಲೆಯ ಮಕ್ಕಳು ನೀರು ತುಂಬಿದ ತೆರೆದ ಬಾವಿಯನ್ನು ನೋಡಿರುವುದೇ ಅಪರೂಪ. ಸಾವಿರ ಅಡಿ ದಾಟಿದ ಕೊಳವೆಬಾವಿಯಲ್ಲಿ ದೆವ್ವಕ್ಕೆ ಇಳಿಯಲೂ ಜಾಗವಿಲ್ಲ! ಆದರೆ ಹಿಂದಿನ ಕಾಲದ ಹಳ್ಳಿಗಳಲ್ಲಿ ಬಾವಿಯ ಬಗ್ಗೆ ಹೇಳುತ್ತಿದ್ದ ದೆವ್ವದ ಕಥೆಗಳನ್ನು ಹಿರಿಯರು ನೆನಪಿಸಿಕೊಳ್ಳಲಿ. ಅವುಗಳಲ್ಲಿಯೂ ಹೆಚ್ಚಿನವು ಬದುಕಿರುವಾಗ ನೋವುಂಡ ಹೆಣ್ಣಿನ ಕಥೆಗಳೇ. ಈ ಅಂಶವನ್ನು ಓದುಗರು ಮುಂದಕ್ಕೂ ಗಮನದಲ್ಲಿಟ್ಟುಕೊಳ್ಳಬೇಕು.

ಚಿತ್ರದ ಕೊನೆಯಲ್ಲಿ ಸದಾಕೊ ಬಾವಿಯಿಂದ ಹತ್ತಿ, ತಡವರಿಸುತ್ತ ನಡೆದು ಬಂದು, ಟಿ.ವಿ. ಪರದೆಯಿಂದಲೇ ಕೋಣೆಯೊಳಗೆ ತೆವಳುತ್ತಾಳೆ. ಲೋಕದ ಅನೇಕ ಪ್ರೇಕ್ಷಕರ ನಿದ್ದೆ ಕೆಡಿಸಿದ ದೃಶ್ಯ ಇದು. ಮಾಡಿದ್ದು ಹೇಗೆ? ರಿಯೆ ಇನೊ ಎಂಬ ರಂಗಭೂಮಿಯ ನಟಿಯನ್ನು ಹಿಮ್ಮುಖವಾಗಿ, ಮೈಯನ್ನು ಜರ್ಕು ಹೊಡೆಸುತ್ತ ನಡೆಸಿದರು. ಅದನ್ನು ಚಿತ್ರೀಕರಿಸಿ, ಬಳಿಕ ಫಿಲ್ಮನ್ನು ಹಿಂದಿನಿಂದ ಮುಂದಕ್ಕೆ ಓಡಿಸಿದರು. ತೆರೆಯ ಮೇಲೆ ಆಕೆ ಮುಂದಕ್ಕೆ ನಡೆದು ಬರುತ್ತಾಳೆ, ಆದರೆ ಎಲ್ಲೋ ಏನೋ ತಪ್ಪಿದೆ ಎಂದು ನೋಡುವವರ ಮೈ ಜುಮ್ಮೆನ್ನುತ್ತದೆ. ಇನ್ನು ಕೂದಲ ಮರೆಯಿಂದ ದಿಟ್ಟಿಸುವ ಆ ಭೀಕರ ಕಣ್ಣು? ಅದು ಆ ನಟಿಯದೂ ಅಲ್ಲ, ಚಿತ್ರತಂಡದ ಒಬ್ಬ ಗಂಡಸಿನದು!

ಹಿಮ್ಮುಖ ನಡಿಗೆ ಏಕೆ ಹೆದರಿಸುತ್ತದೆ ಎಂಬುದರಲ್ಲಿ ಒಳ್ಳೆಯ ಭೌತಶಾಸ್ತ್ರವಿದೆ. ತಲೆ ಅಲುಗಿದಾಗ ಉದ್ದ ಕೂದಲು ಅದರ ಜೊತೆಯಲ್ಲೇ ಚಲಿಸುವುದಿಲ್ಲ. ಜಡತ್ವದ ಕಾರಣ ಸ್ವಲ್ಪ ತಡವಾಗಿ ಹಿಂಬಾಲಿಸುತ್ತದೆ. ಸೆರಗೂ ಹಾಗೆಯೇ. ಚಿತ್ರವನ್ನು ತಿರುಗಿಸಿ ಓಡಿಸಿದರೆ ಕೂದಲು ಮೊದಲು ಚಲಿಸುತ್ತದೆ, ತಲೆ ಆಮೇಲೆ. ಇದನ್ನು ಮಿದುಳು ಸೂತ್ರ ಬರೆದು ಲೆಕ್ಕ ಹಾಕುವುದಿಲ್ಲ. ಹುಟ್ಟಿದಾಗಿನಿಂದ ಸಾವಿರಾರು ಜನ ನಡೆಯುವುದನ್ನು ನೋಡಿ ಪಳಗಿದ್ದರಿಂದ, ಇದು ಮನುಷ್ಯರ ನಡಿಗೆಯಲ್ಲ ಎಂದು ಕ್ಷಣಾರ್ಧದಲ್ಲಿ ಎಚ್ಚರಿಸುತ್ತದೆ.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಒಂದು ದಾರಕ್ಕೆ ಕಲ್ಲು ಕಟ್ಟಿ ಲೋಲಕ ಮಾಡಿ, ಅದು ತೂಗಾಡುವುದನ್ನು ಅರ್ಧ ನಿಮಿಷ ಮೊಬೈಲಿನಲ್ಲಿ ಚಿತ್ರೀಕರಿಸಿ. ವಿಡಿಯೊವನ್ನು ಹಿಮ್ಮುಖ ಮಾಡುವ ಆ್ಯಪ್‌ಗಳು ಪುಕ್ಕಟೆ ಸಿಗುತ್ತವೆ. ಲೋಲಕದ ನೇರ ಚಿತ್ರ ಯಾವುದು, ಹಿಮ್ಮುಖ ಚಿತ್ರ ಯಾವುದು ಎಂದು ಗೆಳೆಯರನ್ನು ಕೇಳಿ. ಬಹುಪಾಲು ಮಂದಿಗೆ ಗೊತ್ತಾಗುವುದಿಲ್ಲ. ಈಗ ಅಕ್ಕನೋ ತಂಗಿಯೋ ಕೂದಲು ಬಿಟ್ಟುಕೊಂಡು ಹಿಂದಕ್ಕೆ ನಡೆಯುವುದನ್ನು ಚಿತ್ರೀಕರಿಸಿ ತಿರುಗಿಸಿ ನೋಡಿ. ಬಿಟ್ಟಿ ಖರ್ಚಿನಲ್ಲಿ ಒಂದು ಸದಾಕೊ ಸಿದ್ಧ! ತಾನೇ ದೆವ್ವ ತಯಾರಿಸಿದ ಮಗುವಿಗೆ ಬೇರೆಯವರು ತಯಾರಿಸಿದ ದೆವ್ವದ ಭಯ ತಾನಾಗಿ ಇಳಿಯುತ್ತದೆ.

ಬಾಗಿಲ ಮೇಲಿನ ಬರಹ

ಚಿತ್ರದಲ್ಲಿ ಪ್ರಾಣ ಉಳಿಸಿಕೊಳ್ಳಲು ಇರುವುದು ಒಂದೇ ಉಪಾಯ: ಕ್ಯಾಸೆಟ್ಟನ್ನು ನಕಲು ಮಾಡಿ ಇನ್ನೊಬ್ಬರಿಗೆ ತೋರಿಸಬೇಕು. ನಡುವಯಸ್ಸು ದಾಟಿದ ಓದುಗರಿಗೆ ಇದು ಎಲ್ಲೋ ಕೇಳಿದಂತಿದೆ ಅನ್ನಿಸಬೇಕು. 'ಈ ಪತ್ರವನ್ನು ಇಷ್ಟು ಮಂದಿಗೆ ಬರೆದು ಕಳುಹಿಸಿ, ಒಳ್ಳೆಯದಾಗುತ್ತದೆ; ಹರಿದು ಹಾಕಿದರೆ ಕೇಡಾಗುತ್ತದೆ' ಎಂಬ ಅಂಚೆ ಕಾರ್ಡುಗಳು ಒಂದು ಕಾಲಕ್ಕೆ ಮನೆಮನೆಗೂ ಬರುತ್ತಿದ್ದವು. ಈಗ ಅವು ವಾಟ್ಸ್‌ಆ್ಯಪಿಗೆ ವಲಸೆ ಹೋಗಿವೆ. ಇಂಥದ್ದು ಹೇಗೆ ಬೆಳೆಯುತ್ತದೆ ಎಂಬುದಕ್ಕೆ ಸಣ್ಣ ಗುಣಾಕಾರ ಸಾಕು. ಒಬ್ಬ ಹತ್ತು ಮಂದಿಗೆ, ಆ ಹತ್ತು ಮಂದಿ ತಲಾ ಹತ್ತು ಮಂದಿಗೆ ಕಳುಹಿಸಿದರೆ ಆರು ಸುತ್ತು ಮುಗಿಯುವಷ್ಟರಲ್ಲಿ ಒಟ್ಟು 11,11,110 ಪತ್ರಗಳಾಗುತ್ತವೆ. 2011ರ ಜನಗಣತಿಯಂತೆ ಚಿಕ್ಕಬಳ್ಳಾಪುರ ಜಿಲ್ಲೆಯ ಜನಸಂಖ್ಯೆ ಸುಮಾರು 12 ಲಕ್ಷ 55 ಸಾವಿರ. ಏಳನೆಯ ಸುತ್ತಿಗೆ ಒಂದು ಕೋಟಿ ಪತ್ರ ಬೇಕು. ಜಿಲ್ಲೆಯಲ್ಲಿ ಅಷ್ಟು ಜನರೇ ಇಲ್ಲ!

ಕರ್ನಾಟಕದ್ದೇ ಆದ ಇನ್ನೊಂದು ಉದಾಹರಣೆ 'ನಾಳೆ ಬಾ'. 1990ರ ದಶಕದಲ್ಲಿ ಬೆಂಗಳೂರಿನಲ್ಲೂ ಅದರ ಸುತ್ತಲಿನ ಊರುಗಳಲ್ಲೂ ಒಂದು ವದಂತಿ ಹಬ್ಬಿತು. ರಾತ್ರಿ ದೆವ್ವವೊಂದು ಬಂದು ಮನೆಯವರದೇ ದನಿಯಲ್ಲಿ ಕೂಗುತ್ತದೆ, ಬಾಗಿಲು ತೆರೆದವರು ಸಾಯುತ್ತಾರೆ ಎಂದು. ಪರಿಹಾರವೂ ವದಂತಿಯ ಜೊತೆಗೇ ಬಂತು. ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದರೆ ದೆವ್ವ ಓದಿಕೊಂಡು ಹಿಂದಿರುಗುತ್ತದಂತೆ. ಮರುದಿನ ಬಂದರೂ ಅದೇ ಬರಹ. ಸಾಲುಸಾಲು ಮನೆಗಳ ಬಾಗಿಲುಗಳಲ್ಲಿ ಸುಣ್ಣ, ಇದ್ದಿಲು, ಬಳಪಗಳ ಅಕ್ಷರ ಮೂಡಿತು. ಗಡಿಯಾಚೆಯ ತೆಲುಗು ಸೀಮೆಯಲ್ಲಿ ಇದೇ 'ಓ ಸ್ತ್ರೀ ರೇಪು ರಾ' ಆಯಿತು. ಎರಡೂ ಭಾಷೆ ಓಡಾಡುವ ಚಿಂತಾಮಣಿ, ಗೌರಿಬಿದನೂರಿನ ಮನೆಗಳಿಗೆ ಎರಡನ್ನೂ ಯಾರೂ ಅನುವಾದಿಸಿ ಹೇಳಬೇಕಾಗಿಲ್ಲ. 2018ರಲ್ಲಿ ಹಿಂದಿಯವರು ಇದನ್ನೇ ಹಿಡಿದು 'ಸ್ತ್ರೀ' ಎಂಬ ಚಿತ್ರ ಮಾಡಿ ಹಣ ಮಾಡಿಕೊಂಡರು.

ಎರಡು ಭಾಷೆಯ ಅಕ್ಷರ ಬಲ್ಲ, ಹೇಳಿದ ಮಾತನ್ನು ಮೀರದ, ನಿನ್ನೆಯದನ್ನು ಮರೆಯುವ ದೆವ್ವ! ನಗು ಬರುತ್ತದೆ, ನಿಜ. ಆದರೆ ಬಾಗಿಲಿಗೆ ಬರೆದವರು ದಡ್ಡರಾಗಿರಲಿಲ್ಲ. ಬರೆದೆವು, ಏನೂ ಆಗಲಿಲ್ಲ, ಆದ್ದರಿಂದ ಬರೆದದ್ದು ಫಲಿಸಿತು ಎಂದು ಅವರು ತರ್ಕಿಸಿದರು. ತಪ್ಪು ಎಲ್ಲಿದೆ? ಬರೆಯದೇ ಇದ್ದ ಮನೆಗಳನ್ನು ಯಾರೂ ಎಣಿಸಲಿಲ್ಲ. ಆ ಮನೆಗಳವರೂ ಬೆಳಗ್ಗೆ ಎದ್ದು ಕಾಫಿ ಕುಡಿದರು. ಹೊಸ ಗೊಬ್ಬರವನ್ನು ಪರೀಕ್ಷಿಸುವ ರೈತ ಗೊಬ್ಬರ ಹಾಕದ ಒಂದು ಸಾಲನ್ನೂ ಪಕ್ಕದಲ್ಲಿ ಬಿಟ್ಟುಕೊಳ್ಳುತ್ತಾನಲ್ಲ, ಆ ಸಾಲು ಇಲ್ಲದಿದ್ದರೆ ಯಾವ ಗೊಬ್ಬರವೂ ಒಳ್ಳೆಯದೇ.

ಸೀಸದ ಕೊಳವೆ

ಇಂಥ ಹೇಳಿಕೆಗಳನ್ನು ಪರೀಕ್ಷಿಸಲು ಹೊರಟವರ ಕಥೆಯೊಂದು 'ರಿಂಗು' ಚಿತ್ರದ ಒಳಗೇ ಅಡಗಿದೆ. ಚಿತ್ರದಲ್ಲಿ ಸದಾಕೊಳ ತಾಯಿ ಅತೀಂದ್ರಿಯ ಶಕ್ತಿಯುಳ್ಳವಳು. ಪತ್ರಕರ್ತರ ಮುಂದೆ ಪ್ರದರ್ಶನ ಕೊಡುವಾಗ ಅವಳನ್ನು ಮೋಸಗಾತಿ ಎಂದು ಹೀಗಳೆಯುತ್ತಾರೆ. ಅವಳು ಕೊನೆಗೆ ಜ್ವಾಲಾಮುಖಿಗೆ ಹಾರಿಕೊಳ್ಳುತ್ತಾಳೆ. ಈ ಪಾತ್ರದ ಹಿಂದೆ ಇರುವುದು ಚಿಜುಕೊ ಮಿಫುನೆ ಎಂಬ ನಿಜವಾದ ಹೆಂಗಸು. 1886ರಲ್ಲಿ ಕುಮಮೊತೊ ಪ್ರಾಂತದಲ್ಲಿ ಹುಟ್ಟಿದವಳು. ಮುಚ್ಚಿಟ್ಟದ್ದನ್ನು ಕಾಣಬಲ್ಲಳು ಎಂಬ ಪ್ರಸಿದ್ಧಿ ಆಕೆಗೆ ಬಂತು. ಟೋಕಿಯೊ ಇಂಪೀರಿಯಲ್ ವಿಶ್ವವಿದ್ಯಾಲಯದ ಮನೋವಿಜ್ಞಾನದ ಅಧ್ಯಾಪಕ ತೊಮೊಕಿಚಿ ಫುಕುರಾಯಿ ಅದನ್ನು ನಂಬಿದ. ಅದು ಕಾಲಮಹಿಮೆಯೂ ಹೌದು. 1895ರಲ್ಲಿ ಕ್ಷ-ಕಿರಣ, 1898ರಲ್ಲಿ ರೇಡಿಯಂ ಪತ್ತೆಯಾಗಿ, ಗೋಡೆಯ ಆಚೆಯದೂ ಕಾಣಬಹುದೇನೋ ಎಂದು ವಿದ್ಯಾವಂತರಿಗೇ ಅನ್ನಿಸುತ್ತಿದ್ದ ದಿನಗಳವು.

1910ರ ಸೆಪ್ಟೆಂಬರಿನಲ್ಲಿ ಟೋಕಿಯೊದಲ್ಲಿ ವಿದ್ವಾಂಸರ ಎದುರು ಪರೀಕ್ಷೆ ನಡೆಯಿತು. ಅಲ್ಲಿದ್ದವರಲ್ಲಿ ಪ್ರಮುಖರು ಕೆಂಜಿರೊ ಯಮಕಾವ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಓದಿ ಬಂದ ಭೌತವಿಜ್ಞಾನಿ, ಟೋಕಿಯೊ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು. ಕಾಗದದ ಚೂರಿನಲ್ಲಿ ಅಕ್ಷರ ಬರೆದು ಸೀಸದ ಕೊಳವೆಯೊಳಗಿಟ್ಟು ಬಾಯಿ ಮುಚ್ಚಿದ್ದರು. ಸೀಸ ಕ್ಷ-ಕಿರಣವನ್ನೂ ತಡೆಯುವ ಲೋಹ ಎಂಬುದು ವಿದ್ಯಾರ್ಥಿಗಳಿಗೆ ಗೊತ್ತಿರುವ ವಿಷಯ. ಚಿಜುಕೊ ಎಂದಿನಂತೆ ನೋಡುವವರಿಗೆ ಬೆನ್ನು ಮಾಡಿ ಕುಳಿತಳು. ಒಳಗಿನ ಅಕ್ಷರಗಳನ್ನು ಹೇಳಿದಳು. ಕೊಳವೆ ಬಿಚ್ಚಿದರೆ ಸರಿಯಾಗಿಯೇ ಇತ್ತು!

ಆದರೆ ಅದು ಯಮಕಾವ ಸಿದ್ಧಪಡಿಸಿದ ಕೊಳವೆಯಾಗಿರಲಿಲ್ಲ. ಅಭ್ಯಾಸಕ್ಕೆಂದು ಫುಕುರಾಯಿ ಆಕೆಗೆ ಮೊದಲೇ ಕೊಟ್ಟಿದ್ದ ಕೊಳವೆ ಅದು. ಅಲ್ಲಿಗೆ ಪರೀಕ್ಷೆ ಬಿದ್ದುಹೋಯಿತು. ಕೈಚಳಕ ನಡೆಯಿತೋ, ಗಲಿಬಿಲಿಯಲ್ಲಿ ಬದಲಾಯಿತೋ ಎಂಬುದಲ್ಲ ಮುಖ್ಯ. ಯಾರ ಕೊಳವೆ ಎಂದು ಖಾತ್ರಿಯಿಲ್ಲದ ಮೇಲೆ ಅದರೊಳಗಿನ ಅಕ್ಷರ ಯಾವುದನ್ನೂ ಸಾಬೀತು ಮಾಡುವುದಿಲ್ಲ, ಅಷ್ಟೇ. ಪ್ರಯೋಗಾಲಯದ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಪತ್ರಿಕೆಗಳಲ್ಲಿ ಟೀಕೆ, ಗುಮಾನಿಗಳು ಹಬ್ಬಿದವು. 1911ರ ಜನವರಿಯಲ್ಲಿ ಚಿಜುಕೊ ವಿಷ ಸೇವಿಸಿ ತೀರಿಕೊಂಡಳು. ಆಗ ಅವಳಿಗೆ ಇಪ್ಪತ್ತನಾಲ್ಕು ವರ್ಷ. ಮನೆಯೊಳಗಿನ ತಾಪತ್ರಯಗಳೂ ಇದ್ದವೆನ್ನುತ್ತಾರೆ. ಫುಕುರಾಯಿ ಇನ್ನೂ ಕೆಲವು ಹೆಂಗಸರ ಮೇಲೆ ಪ್ರಯೋಗ ಮುಂದುವರಿಸಿದ. ಅವರಲ್ಲೊಬ್ಬಳ ಹೆಸರು ಸದಾಕೊ ತಕಹಾಶಿ. ಸಿನಿಮಾ ದೆವ್ವಕ್ಕೆ ಹೆಸರು ಬಂದದ್ದು ಅಲ್ಲಿಂದಲೇ ಎನ್ನಲಾಗಿದೆ. ಕಡೆಗೆ ಫುಕುರಾಯಿ ವಿಶ್ವವಿದ್ಯಾಲಯ ಬಿಡಬೇಕಾಯಿತು.

ಅಂದರೆ, ಎಂಬತ್ತೇಳು ವರ್ಷಗಳ ನಂತರ ತೆರೆಯ ಮೇಲೆ ಬಂದು ಲೋಕವನ್ನು ಹೆದರಿಸಿದ ಆ ಹೆಣ್ಣಿನ ನೆರಳಿನಲ್ಲಿ ನಿಜಕ್ಕೂ ಹೆದರಿದ್ದವಳು ಒಬ್ಬಳಿದ್ದಳು. ಸಿನಿಮಾ ನೋಡುವವರಿಗೆ ಇದು ತಿಳಿದಿರುವುದಿಲ್ಲ.

ಹೊಸೂರಿನ ಮೇಷ್ಟ್ರು

ಯಮಕಾವ ಅವರಂತೆಯೇ ಭೌತವಿಜ್ಞಾನಿಯಾಗಿದ್ದು, ಅವರಂತೆಯೇ ವಿಶ್ವವಿದ್ಯಾಲಯವೊಂದರ ಮುಖ್ಯಸ್ಥರಾಗಿದ್ದು, ಇಂಥ ಹೇಳಿಕೆಗಳನ್ನು ಪರೀಕ್ಷೆಗೆ ಕರೆದವರೊಬ್ಬರು ಗೌರಿಬಿದನೂರು ತಾಲ್ಲೂಕಿನಲ್ಲೇ ಹುಟ್ಟಿದ್ದರು. ಡಾ. ಎಚ್. ನರಸಿಂಹಯ್ಯನವರು, ಎಲ್ಲರ ಬಾಯಲ್ಲಿ 'ಎಚ್ಚೆನ್'. ಹುಟ್ಟೂರು ಹೊಸೂರು, ವರ್ಷ 1920. ಬಡತನದಲ್ಲಿ ಬೆಳೆದು, ಬೆಂಗಳೂರಿನಲ್ಲಿ ಓದಿ, ಅಮೆರಿಕದ ಒಹಾಯೊ ರಾಜ್ಯ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು. ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾಗಿ, 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ದುಡಿದರು. ಖಾದಿ ಪಂಚೆ, ಜುಬ್ಬ, ಟೋಪಿ. ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲಿ ವಾಸ. ಗೌರಿಬಿದನೂರು, ಬಾಗೇಪಲ್ಲಿಗಳ ನ್ಯಾಷನಲ್ ಕಾಲೇಜುಗಳ ಹಿಂದೆಯೂ ಅವರ ದುಡಿಮೆಯಿದೆ. ತೀರಿಕೊಂಡದ್ದು 2005ರ ಜನವರಿ 31ರಂದು.

ಕುಲಪತಿಯಾಗಿದ್ದಾಗ, 1976ರಲ್ಲಿ, ಅವರು ಪವಾಡಗಳನ್ನೂ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಒಂದು ಸಮಿತಿ ರಚಿಸಿದರು. ದೇಶದಾದ್ಯಂತ ಗದ್ದಲವಾಯಿತು. ಆ ಗದ್ದಲದಲ್ಲಿ ಹೆಚ್ಚಿನವರು ಗಮನಿಸದೆ ಹೋದದ್ದು ಸಮಿತಿಯ ಹೆಸರಿನಲ್ಲೇ ಇದ್ದ ಒಂದು ವಿಶೇಷಣವನ್ನು. ಸಮಿತಿ ಕೈಗೆತ್ತಿಕೊಂಡದ್ದು ಎಲ್ಲ ನಂಬಿಕೆಗಳನ್ನಲ್ಲ, 'ಪರಿಶೀಲಿಸಬಹುದಾದ' ಮೂಢನಂಬಿಕೆಗಳನ್ನು ಮಾತ್ರ. ಒಬ್ಬರಿಗೆ ದೇವರಲ್ಲಿ ಭಕ್ತಿಯಿದ್ದರೆ ಅದನ್ನು ತಕ್ಕಡಿಯಲ್ಲಿ ತೂಗಲಾಗದು. ಆದರೆ ಬರಿಗೈಯಿಂದ ವಸ್ತು ಬಂತು, ಮುಚ್ಚಿದ ಕೊಳವೆಯೊಳಗಿನ ಅಕ್ಷರ ಕಂಡಿತು, ಬಾಗಿಲ ಬರಹ ಸಾವನ್ನು ತಡೆಯಿತು ಎಂದರೆ ಅದು ತೂಗಬಹುದಾದ ಮಾತು. ತೂಗೋಣ ಬನ್ನಿ ಎನ್ನುವುದು ಅವಮಾನವಲ್ಲ. ವಿಜ್ಞಾನದ ವಿದ್ಯಾರ್ಥಿಗಳು ಈ ಗೆರೆಯನ್ನು ಸರಿಯಾಗಿ ಗುರುತಿಸಿಕೊಂಡರೆ ಮನೆಯ ಹಿರಿಯರೊಂದಿಗೆ ಅನವಶ್ಯಕ ಜಗಳಗಳು ಎಷ್ಟೋ ತಪ್ಪುತ್ತವೆ.

ಚಿಜುಕೊಳ ಕಥೆ ಇದಕ್ಕೆ ಇನ್ನೊಂದು ಗೆರೆಯನ್ನು ಸೇರಿಸುತ್ತದೆ. ಪರೀಕ್ಷೆಗೆ ಒಳಪಡಬೇಕಾದದ್ದು ಹೇಳಿಕೆ, ಹೇಳಿದ ಹೆಣ್ಣಲ್ಲ.

ಮಲಗಿದ ಮಗಳ ಎದೆಯ ಮೇಲೆ

ಇದು ಜಪಾನಿನ ಮಾತಷ್ಟೇ ಅಲ್ಲ. ಹಳ್ಳಿಗಳಲ್ಲಿ 'ಗಾಳಿ ಸೋಕಿದೆ', 'ಮೈಮೇಲೆ ಬಂದಿದೆ' ಎಂದು ಯಾರನ್ನು ಕುರಿತು ಹೇಳುತ್ತಾರೆ? ಹೆಚ್ಚಾಗಿ ಹೊಸದಾಗಿ ಬಂದ ಸೊಸೆಯನ್ನು, ಹತ್ತನೆಯ ತರಗತಿಯ ಹುಡುಗಿಯನ್ನು. ಆಮೇಲೆ ಬೇವಿನ ಸೊಪ್ಪು, ಪೊರಕೆ, ಮೆಣಸಿನಕಾಯಿ ಹೊಗೆ. ಹುಡುಗಿಗೆ ಮೂರ್ಛೆರೋಗವಿದ್ದಿರಬಹುದು, ಪರೀಕ್ಷೆಯ ಭಯವಿದ್ದಿರಬಹುದು, ಬಾಯಿಬಿಟ್ಟು ಹೇಳಲಾಗದ ಹಿಂಸೆ ಮನೆಯೊಳಗೇ ಇದ್ದಿರಬಹುದು. ಹೊಗೆ ಹಾಕುವವರು ಅದನ್ನು ಕೇಳುವುದಿಲ್ಲ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಹಿಂಸಿಸುವುದು ಕರ್ನಾಟಕದಲ್ಲಿ ಈಗ ಶಿಕ್ಷಾರ್ಹ ಅಪರಾಧ. ಅಮಾನವೀಯ ದುಷ್ಟ ಪದ್ಧತಿಗಳು ಹಾಗೂ ವಾಮಾಚಾರವನ್ನು ತಡೆಯುವ 2017ರ ಕಾಯ್ದೆ 2020ರ ಜನವರಿಯಿಂದ ಜಾರಿಯಲ್ಲಿದೆ.

ಪೋಷಕರಿಗೆ ಗೊತ್ತಿರಬೇಕಾದ ಇನ್ನೊಂದು ಸಂಗತಿಯಿದೆ. 'ಬೆಳಗಿನ ಜಾವ ಎಚ್ಚರವಾಯಿತು, ಕೈಕಾಲು ಆಡಲಿಲ್ಲ, ಎದೆಯ ಮೇಲೆ ಯಾರೋ ಕೂತಂತಿತ್ತು, ಕೂಗೋಣವೆಂದರೆ ದನಿ ಬರಲಿಲ್ಲ' ಎಂದು ಮಕ್ಕಳು ಹೇಳುವುದುಂಟು. ಅವರು ಸುಳ್ಳು ಹೇಳುತ್ತಿಲ್ಲ. ಇದಕ್ಕೆ ನಿದ್ರಾ ಪಾರ್ಶ್ವವಾಯು ಎನ್ನುತ್ತಾರೆ. ಹೆಸರು ಭಯಂಕರವಾದರೂ ಸಾಮಾನ್ಯವಾಗಿ ಅಪಾಯ ಇಲ್ಲ. ಕನಸು ಬೀಳುವ ನಿದ್ದೆಯಲ್ಲಿ, ಕನಸಿನಂತೆ ಓಡಿ ಬಿದ್ದು ಪೆಟ್ಟು ಮಾಡಿಕೊಳ್ಳದಿರಲೆಂದು, ಮಿದುಳು ಮೈಯ ಸ್ನಾಯುಗಳನ್ನು ಸಡಿಲಗೊಳಿಸಿರುತ್ತದೆ. ಒಮ್ಮೊಮ್ಮೆ ಎಚ್ಚರ ಮೊದಲು ಬರುತ್ತದೆ, ಮೈ ಇನ್ನೂ ಕಟ್ಟಿಹಾಕಿದಂತೆಯೇ ಇರುತ್ತದೆ, ಅರ್ಧ ಕನಸು ಕಣ್ಣೆದುರೇ ನಡೆಯುತ್ತಿರುತ್ತದೆ. ಕೆಲವು ಸೆಕೆಂಡುಗಳಲ್ಲಿ, ಹೆಚ್ಚೆಂದರೆ ಒಂದೆರಡು ನಿಮಿಷಗಳಲ್ಲಿ ತಾನಾಗಿ ಬಿಡುತ್ತದೆ. ಜಪಾನಿನಲ್ಲಿ ಇದಕ್ಕೆ 'ಕನಶಿಬಾರಿ' ಎಂದು ಹೆಸರು, ಲೋಹದಿಂದ ಬಿಗಿದಂತೆ ಎಂದರ್ಥ. ಇಲ್ಲಿ ದೆವ್ವ ಅಮುಕಿತು ಎನ್ನುತ್ತಾರೆ. ನಿದ್ದೆಗೆಟ್ಟವರಿಗೆ, ಹೊತ್ತಿಲ್ಲದ ಹೊತ್ತಿನಲ್ಲಿ ಮಲಗುವವರಿಗೆ, ಅಂಗಾತ ಮಲಗುವವರಿಗೆ ಇದು ಹೆಚ್ಚು. ಪರೀಕ್ಷೆಯ ದಿನಗಳಲ್ಲಿ ರಾತ್ರಿ ಎರಡರವರೆಗೆ ಓದುವ ಮಕ್ಕಳು, ಓದುತ್ತೇನೆಂದು ಕಂಬಳಿಯೊಳಗೆ ದೆವ್ವದ ಸಿನಿಮಾ ನೋಡುವ ಮಕ್ಕಳು ಇಬ್ಬರೂ ಈ ಪಟ್ಟಿಗೆ ಸೇರಿದವರೇ.

ಹೀಗಾದಾಗ ಗದರಬೇಡಿ, ತಾಯತಕ್ಕೂ ಓಡಬೇಡಿ. ಏನು ಕಂಡೆ, ಎಷ್ಟು ಹೊತ್ತಿಗೆ, ಹಿಂದಿನ ರಾತ್ರಿ ಎಷ್ಟು ನಿದ್ದೆಯಾಗಿತ್ತು ಎಂದು ಕೇಳಿ, ಒಂದು ವಾರ ಬರೆದಿಡಲು ಹೇಳಿ. ನಿದ್ದೆ ಸರಿಹೋದರೆ ಬಹುಪಾಲು ಇದೂ ಸರಿಹೋಗುತ್ತದೆ. ಮತ್ತೆ ಮತ್ತೆ ಬರುತ್ತಿದ್ದರೆ, ಹಗಲಿನಲ್ಲೂ ಮಗು ಮಂಕಾಗಿದ್ದರೆ, ಮೂರ್ಛೆ ಬಂದಂತಾದರೆ ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ತೋರಿಸಬೇಕು. ದೂರವಾಣಿಯಲ್ಲೇ ವಿಚಾರಿಸಬೇಕೆನ್ನುವವರಿಗೆ 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯಿದೆ. ಸಂಖ್ಯೆ 14416, ಕರೆ ಉಚಿತ, ರಾತ್ರಿಯಲ್ಲೂ ತೆಗೆದುಕೊಳ್ಳುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.